ಪುಕ್ಕದ ಪಂಚಾಯಿತಿ

ನಮ್ಮ ಹಿತ್ತಿಲಿನ 6 ಕೋಳಿಗಳಲ್ಲಿ ಒಂದರ ಬೆನ್ನು ಬೋಳಾಗುತ್ತಿದೆ ಎಂಬುದನ್ನು ಮೊದಲು ಗಮನಿಸಿದವಳು ನನ್ನ ಹೆಂಡತಿ. ಬಾಲದ ಬುಡದಿಂದ ಎರಡು ಬೆರಳು ಮೇಲೆ, ಹತ್ತು ರೂಪಾಯಿ ನಾಣ್ಯದಗಲ ಜಾಗದಲ್ಲಿ ಒಂದು ಪುಕ್ಕವೂ ಉಳಿದಿರಲಿಲ್ಲ. ಕೆಂಪಗಾದ ಚರ್ಮದ ಮೇಲೆ ಮುರಿದ ಗರಿಗಳ ಬುಡಗಳು ಮೂರು ದಿನ ಬೋಳಿಸದ ಗಡ್ಡದಂತೆ ನಿಂತಿದ್ದವು. ಹೈಸ್ಕೂಲಿನಲ್ಲಿ 32 ವರ್ಷ ಗಣಿತ ಪಾಠ ಮಾಡುತ್ತಾ, ಅದಕ್ಕಿಂತ ಹೆಚ್ಚಾಗಿ ಹಿಂದಿನ ಬೆಂಚಿನವರ ಜಗಳ ಬಿಡಿಸುತ್ತಾ ನಿವೃತ್ತನಾದ ನನಗೆ, ಇದು ಯಾರದೋ ಪುಂಡಾಟಿಕೆಯೆಂದು ತೀರ್ಮಾನಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪುಂಡ ಯಾರೆಂಬುದೂ ಗೊತ್ತಿತ್ತು.

ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ನಮ್ಮಲ್ಲಿ ಮೊದಲಿಂದ ಇದ್ದವು ಮೂರು ನಾಟಿ ಹೇಟೆಗಳು. ಮೊಟ್ಟೆ ಹೆಚ್ಚು ಸಿಗಲಿ ಎಂಬ ಆಸೆಯಿಂದ ಮೂರು ಸ್ವರ್ಣಧಾರ ಕೋಳಿಗಳನ್ನು ತಂದು ಸೇರಿಸಿದ್ದೆ. ಅವೆಲ್ಲ ಸೇರಿ ಹೆಂಡತಿಯ ಕೊತ್ತಂಬರಿ ಪಾತಿಯನ್ನು ಒಂದೇ ಬೆಳಗ್ಗೆ ಕೆದರಿ ಮಣ್ಣುಪಾಲು ಮಾಡಿದ್ದರಿಂದ, ಗೃಹಶಾಂತಿಯ ದೃಷ್ಟಿಯಿಂದ 6 ಅಡಿ ಉದ್ದ 5 ಅಡಿ ಅಗಲದ ಜಾಗಕ್ಕೆ ಜಾಲರಿ ಸುತ್ತಿ ಎಲ್ಲವನ್ನೂ ಒಳಗೆ ಕೂಡಿಹಾಕಿದೆ. ನಾಟಿ ಕೋಳಿಗಳಲ್ಲಿ ಹಿರಿಯದಾದ ಕರಿಕೋಳಿಯು ಕಾಳು ಚೆಲ್ಲಿದೊಡನೆ ಮುಂದೆ ಬಂದು, ಅಡ್ಡ ಬಂದವರ ತಲೆಗೆ ಟಪ್ಪೆಂದು ಒಂದು ಕುಕ್ಕು ಕೊಟ್ಟು, ತಾನು ತಿಂದ ಮೇಲೆಯೇ ಉಳಿದವಕ್ಕೆ ದಾರಿ ಬಿಡುತ್ತಿತ್ತು. ಇಷ್ಟು ಸಾಕ್ಷ್ಯವಿರುವಾಗ ವಿಚಾರಣೆ ಏಕೆ?

ಇದರ ಮೇಲೆ ನನ್ನ ಓದೂ ಸೇರಿಕೊಂಡಿತು. ನಾರ್ವೆಯ ಥೋರ್ಲೀಫ್ ಶೆಲ್ಡೆರಪ್ ಎಬ್ಬೆ ಎಂಬಾತ ಬಾಲ್ಯದಿಂದಲೂ ಕೋಳಿಗಳನ್ನು ನೋಡುತ್ತಾ ಬೆಳೆದು, ಯಾರು ಯಾರನ್ನು ಕುಕ್ಕಬಹುದು, ಯಾರು ಯಾರಿಂದ ಕುಕ್ಕಿಸಿಕೊಳ್ಳಬೇಕು ಎಂಬ ಖಚಿತವಾದ ಮೇಲುಕೀಳು ಅವುಗಳಲ್ಲಿ ಇರುತ್ತದೆಂದು 1922ರಲ್ಲಿ ಬರೆದನಂತೆ. ಪುಂಡ ಕೋಳಿಯನ್ನು ಕೆಲವು ದಿನ ಬೇರೆ ಇಟ್ಟು ಮತ್ತೆ ಬಿಟ್ಟರೆ ಅದರ ಪಟ್ಟ ಇಳಿಯುತ್ತದೆ ಎಂಬುದನ್ನೂ ಎಲ್ಲೋ ಓದಿದ್ದೆ. ಆದ್ದರಿಂದ ಕರಿಕೋಳಿಯನ್ನು ಹಿಡಿದು, ಮರದ ನೆರಳಿನಲ್ಲಿ ಬಿದಿರಿನ ಮಂಕರಿ ಕವುಚಿ, ಮೇಲೊಂದು ಕಲ್ಲು ಹೇರಿ, 4 ದಿನಗಳ ಸೆರೆವಾಸ ವಿಧಿಸಿದೆ.

"ಅಲ್ಲಾರೀ, ಕಿತ್ತ ಪುಕ್ಕ ಎಲ್ಲಿ? ನೆಲದ ಮೇಲೆ ಒಂದೂ ಬಿದ್ದಿಲ್ಲವಲ್ಲ" ಎಂದು ಹೆಂಡತಿ ಆಗಲೇ ಕೇಳಿದ್ದಳು. ಗಾಳಿಗೆ ಹಾರಿಹೋಗಿರಬೇಕೆಂದು ನಾನು ಗಂಭೀರವಾಗಿಯೇ ಉತ್ತರಿಸಿದೆ.

ಪುಂಡ ಸೆರೆಯಲ್ಲಿದ್ದರೂ ಬೋಳು ಮಾತ್ರ ದಿನದಿಂದ ದಿನಕ್ಕೆ ಬೆಳೆದು ಅಂಗೈಯಗಲವಾಯಿತು. ಮುಸ್ಸಂಜೆಯ ಮಬ್ಬಿನಲ್ಲಿ ಏನೋ ನಡೆಯುತ್ತಿದೆಯೆಂದು ಶಂಕಿಸಿ, ಗೂಡಿನೊಳಗೆ ಕಣ್ಣು ಕುಕ್ಕುವಂಥ ಬಲ್ಬೊಂದನ್ನು ತೂಗುಹಾಕಿದೆ. ಪ್ರಖರವಾದ ಬೆಳಕಿನಲ್ಲಿ ಕೋಳಿಗಳು ಇನ್ನಷ್ಟು ಕುಕ್ಕಾಡುತ್ತವೆ, ಕೆಂಪು ಚುಕ್ಕೆ ಕಂಡರಂತೂ ಬಿಡುವುದೇ ಇಲ್ಲ ಎಂಬುದು ನನಗೆ ತಿಳಿದದ್ದು ಮರುದಿನ ಬೋಳಿನ ಅಂಚಿನಲ್ಲಿ ರಕ್ತ ಒಸರಿದಾಗ. ಎರಡನೆಯ ಕೋಳಿಯ ಬಾಲವೂ ಅಷ್ಟರಲ್ಲಿ ಹಳೆಯ ಕಸಪೊರಕೆಯಂತಾಗಿತ್ತು.

ನಿಜವಾದ ಅಪರಾಧಿ ಸಿಕ್ಕಿದ್ದು ಮೂರನೆಯ ದಿನ, ನಾನು ಕಾಫಿ ಲೋಟ ಹಿಡಿದುಕೊಂಡು ಏನನ್ನೂ ಪತ್ತೆಹಚ್ಚುವ ಉದ್ದೇಶವಿಲ್ಲದೆ ಜಾಲರಿಯ ಪಕ್ಕದಲ್ಲಿ ಕುಳಿತಿದ್ದಾಗ. ಸ್ವರ್ಣಧಾರಗಳ ಪೈಕಿ ಗೌರಿಯೆಂಬುದು ನನ್ನ ಅಂಗೈಯಿಂದಲೇ ಅನ್ನ ತಿನ್ನುವ, ಯಾರ ತಂಟೆಗೂ ಹೋಗದ ಪರಮ ಸಾಧು. ಅದು ಮೆಲ್ಲಗೆ ಬೋಳುಕೋಳಿಯ ಹಿಂದೆ ಹೋಗಿ ನಿಂತಿತು. ಕತ್ತು ಓರೆ ಮಾಡಿ ನೋಡಿತು. ಮಲ್ಲಿಗೆ ಮೊಗ್ಗು ಬಿಡಿಸುವಷ್ಟೇ ನಾಜೂಕಾಗಿ ಒಂದು ಪುಕ್ಕ ಕಿತ್ತು, ದಂಟಿನ ಕಡೆಯಿಂದ ಕೊಕ್ಕಿಗೆ ಸರಿಪಡಿಸಿಕೊಂಡು, ಎರಡು ಗುಟುಕಿಗೆ ನುಂಗಿಬಿಟ್ಟಿತು. ಆಮೇಲೆ ನನ್ನತ್ತ ನೋಡಿತು. ಆ ನೋಟದಲ್ಲಿ ದ್ವೇಷವೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಇದ್ದದ್ದು ಸಂಜೆಯ ಬೋಂಡಾ ತಿಂದವರ ತೃಪ್ತಿಯಷ್ಟೇ.

ಪಶುವೈದ್ಯರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, "ಮೇಷ್ಟ್ರೇ, ತಿನ್ನಲು ಏನು ಹಾಕುತ್ತೀರಿ?" ಎಂದು ಒಂದೇ ಪ್ರಶ್ನೆ ಕೇಳಿದರು. ರಾಗಿ, ಅಕ್ಕಿನುಚ್ಚು, ಮಿಕ್ಕ ಅನ್ನ ಎಂದೆ. ಅವರು ನಕ್ಕರು. ಅಧಿಕಾರದ ಕುಕ್ಕು ಬೀಳುವುದು ತಲೆಗೆ, ಜುಟ್ಟಿಗೆ. ಬೆನ್ನಿನ ಪುಕ್ಕ ಕಿತ್ತು ತಿನ್ನುವುದು ಜಗಳವೇ ಅಲ್ಲ, ದಾರಿ ತಪ್ಪಿದ ಮೇವಿನ ಹುಡುಕಾಟ. ದಿನವಿಡೀ ನೆಲ ಕೆದರಿ ಹುಳ ಹುಡುಕಬೇಕಾದ ಪ್ರಾಣಿಯನ್ನು ಇಕ್ಕಟ್ಟಿನಲ್ಲಿ ಕೂಡಿಹಾಕಿ ಬರೀ ನುಚ್ಚು ಹಾಕಿದರೆ, ಎದುರಿಗಿರುವ ಪುಕ್ಕವೇ ಅದಕ್ಕೆ ಹುಳವಾಗಿ ಕಾಣುತ್ತದೆ. ಪುಕ್ಕವೆಂದರೆ ಬಹುಪಾಲು ಪ್ರೋಟೀನೇ ಎಂದರು. ಅಂದರೆ ನಾನು ಶಿಸ್ತಿನ ಸಮಸ್ಯೆಯೆಂದು ತಿಳಿದಿದ್ದು ಬಿಸಿಯೂಟದ ಸಮಸ್ಯೆಯಾಗಿತ್ತು.

ಅಂದೇ ಬಲ್ಬು ಕೆಳಗಿಳಿಯಿತು. ಶೇಕಡಾ 16ರಷ್ಟು ಪ್ರೋಟೀನ್ ಇರುವ ಮೊಟ್ಟೆಕೋಳಿ ಆಹಾರ ಬಂತು, ನುಗ್ಗೆಸೊಪ್ಪಿನ ಕಟ್ಟೊಂದು ಕೋಳಿಗಳು ಕತ್ತೆತ್ತಿ ಎಳೆಯುವಷ್ಟು ಎತ್ತರದಲ್ಲಿ ತೂಗಿತು, ಸಂಜೆ ಎರಡು ಗಂಟೆ ಹಿತ್ತಿಲಿನಲ್ಲಿ ಬಿಡುವುದೆಂದಾಯಿತು. ಕೊತ್ತಂಬರಿಯನ್ನು ಈಗ ತಳ್ಳುಗಾಡಿಯಿಂದ ಕೊಳ್ಳುತ್ತೇವೆ. ಹಳೆಯ ಮಡಕೆಯೊಂದಕ್ಕೆ ಒದ್ದೆ ಗೋಣಿತುಂಡು, ಒಣಸಗಣಿ ತುಂಬಿ ಬೇಲಿಯ ಬಳಿ ಬೋರಲು ಹಾಕಿದರೆ ಬೆಳಗಾಗುವಷ್ಟರಲ್ಲಿ ಗೆದ್ದಲು ಮುತ್ತಿರುತ್ತದೆ. ಅದನ್ನು ಕೊಡವಿದಾಗ ಗೌರಿಗೆ ಯಾರ ಬೆನ್ನೂ ನೆನಪಿಗೆ ಬರುವುದಿಲ್ಲ.

ಗಾಯದ ಕೆಂಪು ಮರೆಯಾಗಲೆಂದು ಬೋಳುಕೋಳಿಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಅರಿಶಿಣವನ್ನು ದಪ್ಪವಾಗಿ ಬಳಿದೆ. ಬೇಲಿಯಾಚೆಯ ಗೌಡರು ಅದನ್ನು ನೋಡಿ, "ಏನ್ ಮೇಷ್ಟ್ರೇ, ಇದು ಮದುವೆ ಅರಿಶಿಣವೋ, ಮಸಾಲೆ ಅರಿಶಿಣವೋ?" ಎಂದು ವಿಚಾರಿಸಿ, ಎರಡನೆಯದಾದರೆ ಭಾನುವಾರ ತಮಗೆ ಬಿಡುವಿದೆಯೆಂದೂ ತಿಳಿಸಿದರು.

ಉಳಿದದ್ದು ಕರಿಕೋಳಿಯ ವಿಷಯ. ನಿರಪರಾಧಿಯೆಂದು ಗೊತ್ತಾಗಿ ಮಂಕರಿ ಎತ್ತಿದಾಗ ಅದು ನೇರವಾಗಿ ಕಾಳಿನ ತಟ್ಟೆಯ ಬಳಿ ನಡೆದು ಹೋಯಿತು. ಮೂರೇ ದಿನಗಳಲ್ಲಿ ಪಟ್ಟವೇರಿದ್ದ ಇನ್ನೊಂದು ನಾಟಿ ಕೋಳಿ ಅದರ ತಲೆಗೆ ಟಪ್ಪೆಂದು ಕೊಟ್ಟಿತು. ನನ್ನ ಓದು ಆ ಒಂದು ವಿಷಯದಲ್ಲಿ ಮಾತ್ರ ಸರಿಯಾಗಿತ್ತು. ಮನಸ್ಸು ತಡೆಯದೆ ಈಗ ದಿನವೂ ಹಿಡಿ ಗೆದ್ದಲನ್ನು ಬೇರೆಯಾಗಿ ಒಯ್ದು ಬಾವಿಯ ಹಿಂದೆ ಅದಕ್ಕೆ ತಿನ್ನಿಸುತ್ತೇನೆ. ತಿಂದು ಮುಗಿಸಿ ಕೊನೆಗೆ ಅದು ನನ್ನ ಬೆರಳ ಗೆಣ್ಣಿಗೆ ಒಂದು ಕುಕ್ಕು ಕೊಡುತ್ತದೆ, ತಲೆ ಎಟುಕುವುದಿಲ್ಲವಲ್ಲ.