ಕನ್ನಡಕ ತೆಗೆದಿಟ್ಟು ಕನ್ನಡಕ ಆರಿಸುವುದು

ಕನ್ನಡಕದ ಬಲಗಡೆ ಕಡ್ಡಿ ಮುರಿದು ಮೂರು ವಾರವಾಗಿತ್ತು. ಟೇಪು ಸುತ್ತಿಕೊಂಡು ದಿನ ದೂಡುತ್ತಿದ್ದೆ. ಟೇಪು ಸುತ್ತಿದ ಕನ್ನಡಕದವನನ್ನು ಕಂಡರೆ ಜನಕ್ಕೆ ಅದೇನು ಸಲಿಗೆಯೋ, ಪರಿಚಯ ಇಲ್ಲದವರೂ "ಹೊಸದು ತಗೊಳ್ಳೋಕೇನು ದಾಡಿ" ಅನ್ನುವ ಹಾಗೆ ನೋಡುತ್ತಾರೆ. ಅಕ್ಕನಂತೂ ಬಾಯಿ ಬಿಟ್ಟೇ ಕೇಳಿದಳು. ದಾಡಿ ದುಡ್ಡಿನದಲ್ಲ. ಹೊಸದು ತಗೊಳ್ಳಬೇಕು ಅಂದರೆ ಒಂದನ್ನು ಆರಿಸಬೇಕು. ಕಷ್ಟ ಇರುವುದೇ ಅಲ್ಲಿ.

ಕೊನೆಗೂ ಹೋದೆ. ಅಂಗಡಿಯ ಹುಡುಗ ಒಂದು ಟ್ರೇಯಲ್ಲಿ ಎಂಟು ಫ್ರೇಮು ಜೋಡಿಸಿ ಮುಂದಿಟ್ಟ. "ಒಂದೊಂದೇ ಹಾಕಿ ನೋಡಿ ಸಾರ್" ಅಂದ. ಹಾಕುವುದೇನೋ ಹಾಕಿದೆ, ನೋಡುವುದು ಹೇಗೆ? ಹೊಸದನ್ನು ಹಾಕಬೇಕಾದರೆ ಹಳೆಯದನ್ನು ತೆಗೆಯಬೇಕು. ತೆಗೆದರೆ ಏನೂ ಕಾಣುವುದಿಲ್ಲ. ನನ್ನದು ಮೈನಸ್ 5. ಅಂದರೆ ಕಣ್ಣಿನಿಂದ 20 ಸೆಂಟಿಮೀಟರ್ ಆಚೆ ಇರುವುದೆಲ್ಲ ಮಂಜು. ಕನ್ನಡಿಯಲ್ಲಿ ಇನ್ನೂ ಮೋಸ. ಕನ್ನಡಿ ಎಷ್ಟು ದೂರ ಇದೆಯೋ, ಅದರೊಳಗಿನ ಮುಖ ಅದರ ಎರಡರಷ್ಟು ದೂರ. ಹಾಗಾಗಿ ನನ್ನ ಮುಖ ನನಗೇ ಸರಿಯಾಗಿ ಕಾಣಬೇಕಾದರೆ ಕನ್ನಡಿಗೆ 10 ಸೆಂಟಿಮೀಟರ್ ಹತ್ತಿರ ಹೋಗಬೇಕು. ಹೋದೆ. ಅಷ್ಟು ಹತ್ತಿರದಲ್ಲಿ ಫ್ರೇಮು ಮುಖಕ್ಕೆ ಒಪ್ಪುತ್ತದೋ ಇಲ್ಲವೋ ಗೊತ್ತಾಗುವುದಿಲ್ಲ. ಮೂಗಿನ ಮೇಲಿನ ಸಣ್ಣ ಸಣ್ಣ ತೂತುಗಳು ಮಾತ್ರ ಬಹಳ ಚೆನ್ನಾಗಿ ಕಾಣುತ್ತವೆ. ಅಷ್ಟರಲ್ಲಿ ಉಸಿರು ತಾಗಿ ಕನ್ನಡಿಯೂ ಮಂಜಾಯಿತು.

ಹುಡುಗ ನನ್ನ ಫೋನು ಇಸಿದುಕೊಂಡು ಎಂಟು ಫೋಟೊ ತೆಗೆದ. ಟೇಪಿನ ಕನ್ನಡಕ ಹಾಕಿಕೊಂಡು ನೋಡಿದೆ. ಎಂಟರಲ್ಲೂ ಕಳೆದುಹೋದ ಪರ್ಸಿನ ಬಗ್ಗೆ ದೂರು ಕೊಡಲು ಬಂದು ಕೂತವನ ಮುಖ. ಅಕ್ಕನಿಗೆ ಕಳಿಸಿದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಮತ್ತೆ ಮೊದಲಿಂದ ಒಂದೊಂದೇ ಹಾಕತೊಡಗಿದೆ. ಆಗ ಹುಡುಗ ಅಂದ: "ನಿಮ್ಮ ಮೇಲೆ ನಿಮಗೆ ನಂಬಿಕೆ ಇರ್ಬೇಕು ಸಾರ್. ಮನಸ್ಸು ಏನು ಹೇಳುತ್ತೋ ಅದನ್ನ ತಗೊಳ್ಳಿ."

ವಯಸ್ಸು ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ಅವನ ತಪ್ಪಿಲ್ಲ ಬಿಡಿ, ಈ ಮಾತು ಈಗ ಗಾಳಿಯಲ್ಲೇ ಇದೆ. ಆದರೆ ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ನನ್ನ ಮನಸ್ಸು ಏನೂ ಹೇಳುವುದಿಲ್ಲ ಸ್ವಾಮಿ. ಹೇಳಿದರೆ ಎರಡು ಹೇಳುತ್ತದೆ, ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತದೆ. ಯಾವುದನ್ನು ನಂಬಬೇಕು ಅಂತ ಹೇಳಿಕೊಡುವ ಮೂರನೆಯ ಮನಸ್ಸು ಒಂದಿರುತ್ತದಂತೆ, ಅದು ಯಾವ ಅಂಗಡಿಯಲ್ಲಿ ಸಿಗುತ್ತದೆ?

ಇನ್ನು ತಮ್ಮ ಮೇಲೆ ತಮಗೆ ಪೂರ್ತಿ ನಂಬಿಕೆ ಇರುವವರು. ಅಂಥವರ ಕಾರಿನಲ್ಲಿ ಕೂತಿದ್ದೀರಾ? ದಾರಿ ಕೇಳುವುದಿಲ್ಲ. ಮ್ಯಾಪು ನೋಡುವುದಿಲ್ಲ. "ಇಲ್ಲೇ ಎಡಕ್ಕೆ, ನಂಗೆ ಗೊತ್ತು" ಅಂತ ತಿರುಗಿಸುತ್ತಾರೆ. ನಲವತ್ತು ನಿಮಿಷ ಆದಮೇಲೆ ಕಾರು ಒಂದು ಕಲ್ಲುಕ್ವಾರಿಯ ಮುಂದೆ ನಿಂತಿರುತ್ತದೆ. ಆಗಲೂ "ಈ ಕಡೆ ಟ್ರಾಫಿಕ್ಕೇ ಇಲ್ಲ ನೋಡು" ಅನ್ನುತ್ತಾರೆ. ಆತ್ಮವಿಶ್ವಾಸ ಅವರದು, ಹಸಿವು ಹಿಂದಿನ ಸೀಟಿನವರದು. ನಾನು ಯಾವಾಗಲೂ ಹಿಂದಿನ ಸೀಟು.

ಕನ್ನಡಕ ಅಂದಾಗ ನೆನಪಾಯಿತು. ಕಣ್ಣೊಳಗೆ ಹೋದ ಬೆಳಕು ಹಿಂದಿನ ಪರದೆಯ ಮೇಲೆ ತಲೆಕೆಳಗಾದ ಚಿತ್ರ ಮೂಡಿಸುತ್ತದೆ, ಕನ್ನಡಕದ ಗಾಜು ಆ ಚಿತ್ರವನ್ನು ಸರಿಯಾದ ಜಾಗಕ್ಕೆ ತರುತ್ತದೆ ಅಂತ ಸರಿಯಾಗಿ ವಿವರಿಸಿದವನು ಜೊಹಾನ್ಸ್ ಕೆಪ್ಲರ್, 1604ರಲ್ಲಿ. ಗ್ರಹಗಳ ಕೆಪ್ಲರನೇ. ಪಾಪ, ಅವನಿಗೇ ಕಣ್ಣು ಸರಿ ಇರಲಿಲ್ಲ, ಚಿಕ್ಕಂದಿನಲ್ಲಿ ಸಿಡುಬು ಬಂದು ದೃಷ್ಟಿ ಕೆಟ್ಟಿತ್ತು. ಅಂಥವನು ಗ್ರಹಗಳು ವೃತ್ತದಲ್ಲಿ ಸುತ್ತುತ್ತವೆ ಅಂತ ಎರಡು ಸಾವಿರ ವರ್ಷದಿಂದ ನಂಬಿಕೊಂಡು ಬಂದಿದ್ದನ್ನು ಎತ್ತಿ ಎಸೆದ. ಕಾರಣ ಏನು? ಮಂಗಳ ಗ್ರಹ ಇರಬೇಕಾದ ಜಾಗಕ್ಕೂ ಇದ್ದ ಜಾಗಕ್ಕೂ 8 ಕಲೆಯಷ್ಟು, ಅಂದರೆ ಒಂದು ಡಿಗ್ರಿಯ ಅರವತ್ತು ಪಾಲಿನಲ್ಲಿ ಎಂಟು ಪಾಲಿನಷ್ಟು, ವ್ಯತ್ಯಾಸ ಬಂತು. ಆಕಾಶದಲ್ಲಿ ಹುಣ್ಣಿಮೆ ಚಂದ್ರನ ಅಗಲದ ಕಾಲುಭಾಗ. ಬೇರೆ ಯಾರಾದರೂ ಆಗಿದ್ದರೆ "ಇರಲಿ, ಅಳತೆ ತಪ್ಪಿರಬೇಕು" ಅಂತ ಸುಮ್ನಾಗುತ್ತಿದ್ದರು. ಇವನು ಬಿಡಲಿಲ್ಲ. ಹಾದಿ ದೀರ್ಘವೃತ್ತ ಅಂತ 1609ರಲ್ಲಿ ಅಚ್ಚು ಹಾಕಿಸಿಯೇ ಬಿಟ್ಟ. ಧೈರ್ಯ ಅಂದರೆ ಅದು.

ಇದೇ ಮನುಷ್ಯ 1611ರಲ್ಲಿ ಹೆಂಡತಿಯನ್ನು ಕಳೆದುಕೊಂಡ. ಮನೆಯಲ್ಲಿ ಮಕ್ಕಳು. ಇನ್ನೊಂದು ಮದುವೆ ಆಗಬೇಕು ಅಂತ ಹೊರಟ. ಹನ್ನೊಂದು ಹೆಣ್ಣು ನೋಡಿದ. ಎರಡು ವರ್ಷ ತಗೊಂಡ. ಅದರ ವರದಿಯನ್ನೆಲ್ಲ 1613ರ ಅಕ್ಟೋಬರ್‌ನಲ್ಲಿ ಒಬ್ಬ ದೊಡ್ಡ ಮನುಷ್ಯನಿಗೆ ಕಾಗದದಲ್ಲಿ ಬರೆದ, ಅದಕ್ಕೇ ನಮಗೂ ಗೊತ್ತಾಗಿದ್ದು. ಮೊದಲನೆಯವಳು ವಿಧವೆ, ಬಾಯಿ ವಾಸನೆ ಅಂತ ಬಿಟ್ಟ. ನಾಲ್ಕನೆಯವಳು ಎತ್ತರದ ಗಟ್ಟಿ ಹೆಂಗಸು, ಬಹುತೇಕ ಒಪ್ಪಿದ್ದ. ಅಷ್ಟರಲ್ಲಿ ಐದನೆಯವಳು ಬಂದಳು. ಹೆಸರು ಸುಸಾನ. ಅಪ್ಪ ಅಮ್ಮ ಇಲ್ಲದ ಹುಡುಗಿ, ವಿನಯ, ಮಿತವ್ಯಯ, ಮಕ್ಕಳನ್ನು ನೋಡಿಕೊಳ್ಳುವ ಗುಣ. ಮನಸ್ಸು ಆಗಲೇ ಹೇಳಿತ್ತು, ಅಲ್ವಾ? ಆದರೆ ಸ್ನೇಹಿತರು ಅಡ್ಡ ಬಂದರು. ಅಂತಸ್ತು ಸಾಲದು, ನಾಲ್ಕನೆಯವಳೇ ವಾಸಿ ಅಂದರು. ಸರಿ ಅಂತ ಅವಳ ಹತ್ತಿರ ವಾಪಸ್ ಹೋದ. ಅವಳಿಗೆ ಕಾದು ಕಾದು ಸಾಕಾಗಿ ಆಗುವುದಿಲ್ಲ ಅಂದಳು. ಆಮೇಲೆ ಆರು, ಏಳು, ಎಂಟು ಅಂತ ಹನ್ನೊಂದರವರೆಗೂ ಹೋದ. ಒಬ್ಬಳಿಗೆ ಜಂಬ, ಒಬ್ಬಳಿಗೆ ಶ್ವಾಸಕೋಶದ ಕಾಯಿಲೆ, ಒಬ್ಬಳು ಕುಳ್ಳಿ, ದಪ್ಪ, ಇವನು ಕಡ್ಡಿ. ಹನ್ನೊಂದನೆಯವಳದು ವಯಸ್ಸು ತೀರಾ ಚಿಕ್ಕದು. ಎಲ್ಲ ಮುಗಿದ ಮೇಲೆ ಬಂದು ಐದನೆಯವಳ ಬಾಗಿಲು ತಟ್ಟಿದ. ಇಷ್ಟೆಲ್ಲ ಒದ್ದಾಡಿದ್ದು ದೇವರ ಇಚ್ಛೆಯೋ ತನ್ನದೇ ತಪ್ಪೋ ಅಂತ ಆ ಕಾಗದದಲ್ಲಿ ಕೇಳಿಕೊಂಡಿದ್ದಾನೆ. ಮಂಗಳನ ವಿಷಯದಲ್ಲಿ ಯಾರನ್ನೂ ಹೀಗೆ ಕೇಳಿದ ಹಾಗಿಲ್ಲ.

ಇಪ್ಪತ್ತನೆಯ ಶತಮಾನದ ಗಣಿತದವರಿಗೆ ಈ ಕಥೆ ಬಹಳ ಇಷ್ಟ. ಒಂದಾದ ಮೇಲೊಂದು ಬರುತ್ತಾ ಇರುವಾಗ, ಬಿಟ್ಟಿದ್ದು ಮತ್ತೆ ಸಿಗುವುದಿಲ್ಲ ಅನ್ನುವಾಗ, ಮೊದಲಿನ ಶೇಕಡ 37ರಷ್ಟನ್ನು ಸುಮ್ನೆ ನೋಡಿ ಬಿಟ್ಟುಬಿಡಬೇಕಂತೆ. ಅಲ್ಲಿಂದ ಮುಂದೆ, ಅದುವರೆಗೆ ನೋಡಿದ್ದೆಲ್ಲಕ್ಕಿಂತ ಚೆನ್ನಾಗಿರುವುದು ಯಾವುದು ಮೊದಲು ಸಿಗುತ್ತೋ ಅದನ್ನು ಕಣ್ಣು ಮುಚ್ಚಿ ಹಿಡಿಯಬೇಕಂತೆ. ಹನ್ನೊಂದರಲ್ಲಿ ಶೇಕಡ 37 ಅಂದರೆ ನಾಲ್ಕು. ಐದನೆಯವಳೇ ಸರಿ! ಆರು ಜನರನ್ನು ನೋಡುವ ತಾಪತ್ರಯ ಉಳಿಯುತ್ತಿತ್ತು ಅಂತ ಲೆಕ್ಕದವರು ಕೈ ತಟ್ಟುತ್ತಾರೆ. ನನಗೇನೋ ಈ ಲೆಕ್ಕ ಕೇಳಿದರೆ ಸಿಟ್ಟೇ ಬರುತ್ತದೆ. ಆ ಹನ್ನೊಂದು ಹೆಂಗಸರು ಏನು ಟ್ರೇಯಲ್ಲಿಟ್ಟ ಫ್ರೇಮುಗಳಾ? ಅವರು ಹೇಗೆ ಆರಿಸಿದರು, ಎಷ್ಟು ರಾತ್ರಿ ನಿದ್ದೆಗೆಟ್ಟರು, ಐದನೆಯವಳಿಗೆ ತಾನು ಐದನೆಯವಳು ಅಂತ ಗೊತ್ತಿತ್ತಾ, ಅವಳು ಯಾರಿಗೆ ಕಾಗದ ಬರೆದಳು, ಇದನ್ನೆಲ್ಲ ಯಾರೂ ಲೆಕ್ಕ ಹಾಕುವುದಿಲ್ಲ. ಒಂದಂತೂ ಖಚಿತ, ನಾಲ್ಕನೆಯವಳಿಗೆ ನಿರ್ಧಾರ ಮಾಡಲು ಬರುತ್ತಿತ್ತು.

ಕಥೆ ಇನ್ನೂ ಮುಗಿದಿಲ್ಲ. ಅದೇ ಅಕ್ಟೋಬರ್ 30ಕ್ಕೆ ಮದುವೆ ಆಯಿತು. ಹೊಸ ಸಂಸಾರಕ್ಕೆ ದ್ರಾಕ್ಷಾರಸದ ಪೀಪಾಯಿ ತರಿಸಿದ. ವ್ಯಾಪಾರಿ ಬಂದು ಪೀಪಾಯಿಯ ಹೊಟ್ಟೆಯ ತೂತಿನಿಂದ ಒಂದು ಕೋಲನ್ನು ಓರೆಯಾಗಿ ಇಳಿಬಿಟ್ಟ, ಎಲ್ಲಿವರೆಗೆ ಹೋಯಿತು ಅಂತ ನೋಡಿದ, ಇಷ್ಟಿದೆ ಅಂತ ಹೇಳಿಬಿಟ್ಟ. ಕೆಪ್ಲರನಿಗೆ ತಡೆಯಲಿಲ್ಲ. ಪೀಪಾಯಿ ಕುಳ್ಳಗಿರಲಿ ಉದ್ದವಿರಲಿ, ಅದೇ ಒಂದು ಕೋಲಿನ ಅಳತೆ ಸಾಕಾ? ಮದುವೆ ಗಂಡು ಲೆಕ್ಕಕ್ಕೆ ಕೂತ. 1615ರಲ್ಲಿ ಅದರ ಮೇಲೆ ಒಂದು ಇಡೀ ಪುಸ್ತಕವೇ ಬಂತು. ಹೆಂಡತಿ ಆರಿಸುವುದಕ್ಕೆ ಎರಡು ವರ್ಷ, ಪೀಪಾಯಿಗೂ ಹೆಚ್ಚು ಕಡಿಮೆ ಅಷ್ಟೇ. ಕೊನೆಗೆ ನೋಡಿದರೆ ವ್ಯಾಪಾರಿ ತೀರಾ ತಪ್ಪು ಮಾಡಿರಲಿಲ್ಲ. ಒಂದು ಅಳತೆಯ ಕೋಲಿಗೆ ಅತಿ ಹೆಚ್ಚು ಹಿಡಿಸುವ ಆಕಾರ ಯಾವುದೋ, ಅಲ್ಲಿನ ಪೀಪಾಯಿಗಳು ಸುಮಾರಾಗಿ ಅದೇ ಆಕಾರದಲ್ಲಿದ್ದವು. ಅತಿ ಹೆಚ್ಚು ಅನ್ನುವ ಜಾಗದ ಹತ್ತಿರ ಹತ್ತಿರದಲ್ಲಿ ಪೀಪಾಯಿ ಒಂಚೂರು ಉದ್ದವಾದರೂ ಒಂಚೂರು ಕುಳ್ಳಗಾದರೂ ಒಳಗಿನ ಅಳತೆಯಲ್ಲಿ ವ್ಯತ್ಯಾಸ ಬಹುತೇಕ ಇರುವುದೇ ಇಲ್ಲ ಅಂತ ಅವನು ಕಂಡುಕೊಂಡ.

ಇದರಲ್ಲಿ ನನಗೆ ಬೇಕಾದ್ದೇನೋ ಇದೆ ಅಂತ ಅನಿಸುತ್ತಲೇ ಇತ್ತು. ಏನು ಅಂತ ಬಿಡಿಸಿಕೊಳ್ಳುವ ಹೊತ್ತಿಗೆ ಅಂಗಡಿಯ ದೀಪ ಒಂದೊಂದಾಗಿ ಆರತೊಡಗಿತು.

ಐದನೆಯ ಫ್ರೇಮು ತಗೊಂಡೆ ಅಂತ ಬರೆದರೆ ಎಷ್ಟು ಚೆನ್ನಾಗಿ ಕೂತುಕೊಳ್ಳುತ್ತಿತ್ತು. ಐದನೆಯದು ಕೆಂಪು, ನನ್ನ ಕೈಯಲ್ಲಿ ಆಗುವ ಮಾತಲ್ಲ. ಉಳಿದದ್ದು ಕಡುನೀಲಿಯ ಮೂರನೆಯದು, ಕಪ್ಪು ಬಣ್ಣದ ಏಳನೆಯದು. ಮೂರು, ಏಳು, ಮೂರು, ಏಳು ಅಂತ ಬದಲಿಸುತ್ತಾ ಇದ್ದೆ. ಹುಡುಗ ಹೆಗಲಿಗೆ ಬ್ಯಾಗು ಹಾಕಿಕೊಂಡು ನಿಂತಿದ್ದ. ಆ ಹೊತ್ತಿಗೆ ನನ್ನ ಮುಖದ ಮೇಲೆ ಇದ್ದದ್ದು ಮೂರು. "ಇದೇ ಇರಲಿ" ಅಂದೆ. "ಸೂಪರ್ ಸೆಲೆಕ್ಷನ್ ಸಾರ್, ನಾನೂ ಇದನ್ನೇ ಅಂದ್ಕೊಂಡಿದ್ದೆ" ಅಂದ. ಮೊದಲೇ ಹೇಳಬಾರದಿತ್ತಾ ಮಹರಾಯ!

ರಾತ್ರಿಯೆಲ್ಲ ಏಳನೆಯದು ಕಣ್ಣ ಮುಂದೆ ಬರುತ್ತಿತ್ತು. ಕಡುನೀಲಿ ಹಗಲಲ್ಲಿ ಜಾಸ್ತಿ ಎದ್ದು ಕಾಣಬಹುದೇನೋ, ಈ ವಯಸ್ಸಿಗೆ ಇದು ಬೇಕಿತ್ತಾ, ಫೋನ್ ಮಾಡಿ ಬದಲಾಯಿಸಿ ಅನ್ನಲಾ, ಅಂದರೆ ಆ ಹುಡುಗ ಏನಂದುಕೊಂಡಾನು ಅಂತ ಹೊರಳಾಡಿದೆ. ನಾಲ್ಕು ದಿನದಲ್ಲಿ ಕನ್ನಡಕ ಬಂತು. ಹಾಕಿಕೊಂಡು ಅಕ್ಕನ ಮನೆಗೆ ಹೋದೆ. ಏನಾದರೂ ಹೇಳುತ್ತಾಳೆ ಅಂತ ಬೆಳಕಿರುವ ಕಡೆಯೇ ಕೂತೆ. ಅರ್ಧ ಗಂಟೆ ಅವಳು ಬೇರೆ ಏನೇನೋ ಮಾತಾಡಿದಳು. ಆಮೇಲೆ ನನ್ನನ್ನು ಒಮ್ಮೆ ದಿಟ್ಟಿಸಿ ನೋಡಿದಳು.

"ಅಂತೂ ಕಡ್ಡಿ ರಿಪೇರಿ ಮಾಡಿಸಿದ್ಯಾ?" ಅಂದಳು. "ಚೆನ್ನಾಗಿ ಮಾಡಿದಾರೆ. ಗೊತ್ತೇ ಆಗಲ್ಲ."