ಲೈಕ್ ಬರಲಿಲ್ಲ ಅಂತ ಚಿತ್ರವನ್ನೇ ಅಳಿಸೋದಾ?

ಸಾಕಾಯ್ತು. ಚಿತ್ರಕಲೆ ಕಲಿಯುವ ಹುಡುಗಿಯೊಬ್ಬಳು ಇನ್‌ಸ್ಟಾಗ್ರಾಮ್‌ಗೆ ಹಾಕಿದ ಜಲವರ್ಣ ಚಿತ್ರವನ್ನು ಸಂಜೆಯೊಳಗೆ ಅಳಿಸಿಬಿಟ್ಟಳು. ಲೈಕ್ ಬರಲಿಲ್ಲವಂತೆ! ಕೆರೆ ಏರಿಯ ಮೇಲಿನ ಮಂಜನ್ನು ಬಣ್ಣವೇ ಹಚ್ಚದೆ, ಕಾಗದದ ಬಿಳಿಯನ್ನು ಹಾಗೇ ಬಿಟ್ಟು ತೋರಿಸಿದ್ದಳು. ಎಂಥ ಕೈ ಅದು!

ಈಗ ಎಲ್ಲರದ್ದೂ ಇದೇ ಕತೆ. ಚಿತ್ರ ಬರೆಯೋದಕ್ಕಿಂತ ಜಾಸ್ತಿ ಹೊತ್ತು ಹ್ಯಾಶ್‌ಟ್ಯಾಗ್ ಹುಡುಕೋದು, ಟ್ರೆಂಡಿಂಗ್ ಹಾಡು ಸೇರಿಸೋದು, ನಿಮಿಷಕ್ಕೊಮ್ಮೆ ವ್ಯೂಸ್ ನೋಡೋದು. ಬಣ್ಣ ಒಣಗೋಕಾದರೂ ಬಿಡಬಾರದಾ? ಊಟಿಯ ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪ (1886–1965) ಯಾರ ಲೈಕ್‌ಗೆ ಕಾದಿದ್ದರು? ಬೆಂಗಳೂರಿನ ಚಿತ್ರಸಂತೆಯಲ್ಲಿ ಜನ ಬಿಸಿಲಲ್ಲೇ ನಿಂತು ನೋಡುತ್ತಾರೆ, ಕಾಗದ ಯಾವುದು ಅಂತ ವಿಚಾರಿಸುತ್ತಾರೆ. ಅದು ಲೆಕ್ಕಕ್ಕಿಲ್ಲವಾ? ರಾತ್ರೋರಾತ್ರಿ ಹೆಸರು ಬರಲೇಬೇಕು ಅಂತ ಈ ಮಕ್ಕಳ ತಲೆಗೆ ತುಂಬಿದವರು ಯಾರು?