ಎ-ಸ್ಟಾರ್ ಪಾಠವನ್ನು ಕೈಬಿಡುವ ಮುನ್ನ

ಪದವಿ ಹಂತದ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಕೃತಕ ಬುದ್ಧಿಮತ್ತೆಯ ಪಾಠ ಮಾಡುವವಳು ನಾನು. ಪಠ್ಯಕ್ರಮದ ಚರ್ಚೆಯಾದಾಗಲೆಲ್ಲ, ಎ-ಸ್ಟಾರ್‌ನಂಥ ಹಳೆಯ ಸರ್ಚ್ (ಹುಡುಕಾಟದ) ಅಲ್ಗಾರಿದಮ್‌ಗಳನ್ನು ತೆಗೆದು ಆ ಅವಧಿಗಳನ್ನು ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳಿಗೆ ಕೊಡಬೇಕೆಂಬ ಸಲಹೆ ಬರುತ್ತದೆ. ನಾನದನ್ನು ಒಪ್ಪುವುದಿಲ್ಲ.

ಹಾರ್ಟ್, ನಿಲ್ಸನ್ ಮತ್ತು ರಾಫೆಲ್ 1968ರಲ್ಲಿ ಪ್ರಕಟಿಸಿದ, ಅತಿ ಕಡಿಮೆ ದೂರದ ದಾರಿ ಹುಡುಕುವ ಎ-ಸ್ಟಾರ್ ಅನ್ನು ನಾನು ಮಂಗಳೂರಿನ ನಕ್ಷೆಯ ಮೇಲೆಯೇ ಕಲಿಸುತ್ತೇನೆ. ಹಂಪನಕಟ್ಟೆಯಿಂದ ತೋಟ ಬೆಂಗ್ರೆಗೆ ದೋಣಿಯಿಲ್ಲದೆ, ರಸ್ತೆಯಲ್ಲೇ ಹೋಗಬೇಕು. ಗುರಿಗೆ ನೇರ ಅಂತರ ಎಲ್ಲಿ ಕಡಿಮೆಯೋ ಅತ್ತಲೇ ಸಾಗುವ ಗ್ರೀಡಿ ಸರ್ಚ್ ಮೊದಲು ಬಂದರಿನ ದಕ್ಕೆಗೆ ಬಂದು ನಿಲ್ಲುತ್ತದೆ; ಬೆಂಗ್ರೆ ಕಣ್ಣೆದುರಿಗೇ ಇದೆ, ನಡುವೆ ನದಿಯಿದೆ. ಎ-ಸ್ಟಾರ್ ಕೂಡ ಅತ್ತ ಹುಡುಕುತ್ತದೆ, ಆದರೆ ಈವರೆಗೆ ಸಾಗಿದ ದೂರವನ್ನೂ ಉಳಿದ ದೂರದ ಅಂದಾಜನ್ನೂ ಕೂಡಿಸಿ ತೂಗುವುದರಿಂದ, ಕೊನೆಗೆ ಕೂಳೂರು ಸೇತುವೆಯ ಮೇಲಿನ ಅತಿ ಕಡಿಮೆ ದೂರದ ದಾರಿಯನ್ನೇ ಕೊಡುತ್ತದೆ. ನೇರ ಅಂತರ ಎಂದಿಗೂ ರಸ್ತೆಯ ದೂರವನ್ನು ಮೀರದು ಎಂಬುದೇ ಆ ಖಾತರಿಗೆ ಆಧಾರ. ಅಂದಾಜು ಯಾವ ಕಡೆಗೆ, ಹೆಚ್ಚಿಗೋ ಕಡಿಮೆಗೋ, ತಪ್ಪಿದರೆ ಉತ್ತರ ಕೆಡುತ್ತದೆ ಎಂದು ಕೇಳುವುದನ್ನು ವಿದ್ಯಾರ್ಥಿಗಳು ಇಲ್ಲಿ, ಬೋರ್ಡಿನ ಮೇಲೆ ಲೆಕ್ಕ ಮಾಡುತ್ತಾ ಕಲಿಯುತ್ತಾರೆ.

ಹೀಗೆ ಪ್ರಶ್ನೆ ಕೇಳಲು ಕಲಿಯದಿದ್ದರೆ ಏನಾಗುತ್ತದೆ ಎಂಬುದನ್ನು ಕಳೆದ ವರ್ಷ ಕಂಡೆ. ಒಂದು ತಂಡ ಮಲ್ಪೆಯಲ್ಲಿ ತೆಗೆದ ಫೋಟೊಗಳಿಂದ ಬಂಗುಡೆ, ಬೂತಾಯಿ ಮೀನುಗಳನ್ನು ಕಂಪ್ಯೂಟರ್‌ನಿಂದ ಗುರುತಿಸುವ ಪ್ರಾಜೆಕ್ಟ್ ಮಾಡಿ, "ಮೇಡಂ, ಶೇಕಡಾ 95 ಅಕ್ಯುರಸಿ" (ಅಂದರೆ ನೂರರಲ್ಲಿ 95 ಉತ್ತರ ಸರಿ) ಎಂದು ಸಂತೋಷದಿಂದ ತೋರಿಸಿತು. ಪರೀಕ್ಷೆಗಿಟ್ಟ 200 ಚಿತ್ರಗಳಲ್ಲಿ 190 ಬಂಗುಡೆಯವು. ಎಲ್ಲವನ್ನೂ ಬಂಗುಡೆ ಎಂದುಬಿಟ್ಟರೂ ಬರುವುದು ಅದೇ 95, ಮತ್ತು ಅವರ ಮಾದರಿ ಮಾಡಿದ್ದೂ ಅದನ್ನೇ. ಒಂದು ಬೂತಾಯಿಯನ್ನೂ ಅದು ಗುರುತಿಸಿರಲಿಲ್ಲ. ತಪ್ಪು ಮಕ್ಕಳದ್ದಲ್ಲ. ಎರಡು ಸಾಲು ಕೋಡ್ ಬರೆದರೆ ಸಿದ್ಧ ಕೋಡ್‌ನ ಲೈಬ್ರರಿ ಒಂದು ಸಂಖ್ಯೆಯನ್ನು ಕೊಡುತ್ತದೆ; ಆ ಸಂಖ್ಯೆಯನ್ನು ಪ್ರಶ್ನಿಸಲು ಬೇಕಾದ ಸಂಭವನೀಯತೆಯನ್ನು ನಾವು ಗಣಿತದ ಪರೀಕ್ಷೆಗೆ ಮುಗಿಸಿ ಅಲ್ಲೇ ಬಿಟ್ಟಿದ್ದೇವೆ.

ಭಾಷಾ ಮಾದರಿಗಳು ಬೇಡವೆಂದಲ್ಲ. ಅವುಗಳಿಗೆ ತಳಹದಿಯಾದ 2017ರ ಟ್ರಾನ್ಸ್‌ಫಾರ್ಮರ್ ವಿನ್ಯಾಸದಲ್ಲಿನ ಅಟೆನ್ಷನ್ ಲೆಕ್ಕವನ್ನು, ಅಂದರೆ ಒಂದು ಪದ ಉಳಿದ ಪದಗಳಿಗೆ ಎಷ್ಟು ಗಮನ ಕೊಡಬೇಕೆಂಬ ಲೆಕ್ಕವನ್ನು, ಮೂರು ಪದಗಳ ವಾಕ್ಯಕ್ಕೆ ಕಾಗದದ ಮೇಲೆಯೇ ಮಾಡಬಹುದು; ಮ್ಯಾಟ್ರಿಕ್ಸ್ ಗುಣಾಕಾರ ಗೊತ್ತಿದ್ದವರಿಗೆ ಎರಡು ಅವಧಿ ಸಾಕು. ಅದಕ್ಕೆ ಜಾಗ ಬೇಕಿದ್ದರೆ ಟೂಲ್‌ಗಳ ಪರಿಚಯಕ್ಕೆಂದು ಮೀಸಲಿಟ್ಟ ಅವಧಿಗಳನ್ನು ಕಡಿಮೆ ಮಾಡೋಣ, ಏಕೆಂದರೆ ಈ ಹುಡುಗರು ನಾಲ್ಕನೇ ವರ್ಷಕ್ಕೆ ಬರುವಷ್ಟರಲ್ಲಿ ಆ ಟೂಲ್‌ಗಳೇ ಬದಲಾಗಿರುತ್ತವೆ.

ಆ ತಂಡದವರು ಮತ್ತೆ ಎರಡು ಶನಿವಾರ ನಸುಕಿನಲ್ಲೇ ಮಲ್ಪೆಗೆ ಹೋಗಿ ಬರೀ ಬೂತಾಯಿಯ ಫೋಟೊ ತೆಗೆದು ತಂದರು. ಹೊಸ ಮಾದರಿಯ ಅಕ್ಯುರಸಿ ಮೊದಲಿಗಿಂತ ಕಡಿಮೆ ಬಂತು. ವೈವಾದಲ್ಲಿ ಅವರು ಯಾಕೆ ಕಡಿಮೆಯಾಯಿತೆಂದು ಒಂದೊಂದೇ ತಪ್ಪು ಚಿತ್ರವನ್ನು ತೋರಿಸಿ ವಿವರಿಸಿದರು.